ದೇಶದೇಶಗಳ ವೋಲ್ಟನ್ನು ಹೋಲಿಸುವ ಸೇವೆ: ಮಾಚೇನಹಳ್ಳಿಯ ಬಳಕೆದಾರನೊಬ್ಬನ ವಿಮರ್ಶೆ

ಪ್ಯಾರಿಸ್ ನಗರದ ಪಕ್ಕದ ಸೆವ್ರ್ ಎಂಬ ಊರಿನಲ್ಲಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೊ, ಅಂದರೆ ಬಿಐಪಿಎಂ, ಜಗತ್ತಿನ ರಾಷ್ಟ್ರೀಯ ಮಾಪನ ಪ್ರಯೋಗಾಲಯಗಳಿಗೆ ಒಂದು ವಿಶಿಷ್ಟ ಸೇವೆಯನ್ನು ನೀಡುತ್ತಿದೆ. ಒಂದು ದೇಶದ ಕ್ವಾಂಟಂ ವೋಲ್ಟ್ ಮಾನಕವನ್ನು, ಅಂದರೆ ನಿಸರ್ಗದ ಸ್ಥಿರಾಂಕಗಳ ಆಧಾರದ ಮೇಲೆ ವೋಲ್ಟನ್ನು ಹುಟ್ಟಿಸುವ ಉಪಕರಣವನ್ನು, ತನ್ನಲ್ಲಿರುವ ಕ್ವಾಂಟಂ ವೋಲ್ಟ್ ಮಾನಕದ ಎದುರಿಗಿಟ್ಟು ಹೋಲಿಸಿ, ಎರಡರ ನಡುವೆ ಕಂಡ ವ್ಯತ್ಯಾಸವನ್ನೂ ಅದರ ಅನಿಶ್ಚಿತತೆಯನ್ನೂ (ಅಳತೆ ಎಷ್ಟರವರೆಗೆ ಆಚೀಚೆ ಇರಬಹುದು ಎಂಬ ಮಿತಿಯನ್ನೂ) ಯಾರು ಬೇಕಾದರೂ ಓದಬಹುದಾದ ದತ್ತಸಂಚಯದಲ್ಲಿ ಪ್ರಕಟಿಸುವುದು ಆ ಸೇವೆಯ ತಿರುಳು. ಈ ದತ್ತಸಂಚಯಕ್ಕೆ ಕೆಸಿಡಿಬಿ ಎಂಬ ಹೆಸರಿದೆ. ಅದನ್ನು ನೋಡಲು ಹಣ ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸಬೇಕಾಗಿಯೂ ಇಲ್ಲ. ನಾನು ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವನು. ಎರಕದ ಕಾರ್ಖಾನೆಗಳ ಕುಲುಮೆಗೆ ಬೇಕಾದ ಉಷ್ಣತಾ ನಿಯಂತ್ರಕಗಳನ್ನು ಪರೀಕ್ಷಿಸಿ ಕಳಿಸುವುದು ನಮ್ಮ ಕೆಲಸ. ನಮ್ಮಂಥ ಸಣ್ಣ ಘಟಕಕ್ಕೆ ಸೆವ್ರಿನ ಸೇವೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರವಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪ್ರಯೋಜನ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ವರ್ಷ ನಾವು ಹಣ ತೆತ್ತು ಪಡೆಯುವ ಕ್ಯಾಲಿಬ್ರೇಶನ್ (ಮೀಟರನ್ನು ಮಾನಕದೊಂದಿಗೆ ಹೋಲಿಸಿ ನೋಡುವ) ಪ್ರಮಾಣಪತ್ರದ ಕೊನೆಯಲ್ಲಿ ‘ರಾಷ್ಟ್ರೀಯ ಮಾನಕಕ್ಕೆ ಟ್ರೇಸಬಲ್’ ಎಂಬ, ಅಂದರೆ ಹಂತ ಹಂತವಾಗಿ ರಾಷ್ಟ್ರೀಯ ಮಾನಕದವರೆಗೆ ಕೊಂಡಿ ಇದೆ ಎನ್ನುವ, ಒಂದು ಸಾಲು ಇರುತ್ತದೆ. ಆ ಸಾಲಿಗೆ ಅರ್ಥ ಬರುವುದು, ರಾಷ್ಟ್ರೀಯ ಮಾನಕವೇ ಇತರ ದೇಶಗಳ ಮಾನಕಗಳೊಂದಿಗೆ ಹೊಂದುತ್ತದೆ ಎಂದು ಯಾರಾದರೂ ಅಳೆದು ತೋರಿಸಿದಾಗ. ಶಿವಮೊಗ್ಗದಲ್ಲಿ ಎರಕ ಹೊಯ್ದ ಬಿಡಿಭಾಗವನ್ನು ಹೊರದೇಶದ ಗ್ರಾಹಕನೊಬ್ಬ ಒಪ್ಪಿಕೊಳ್ಳುವುದರ ಹಿಂದೆ ಈ ಹೋಲಿಕೆಗಳ ಸರಪಳಿ ಇದೆ. ಸರಪಳಿಯ ಮೇಲಿನ ಕೊಂಡಿಗಳನ್ನು ಬಳಕೆದಾರನೇ ತೆರೆದು ನೋಡಲು ಸಾಧ್ಯವಿರುವುದು ಸಣ್ಣ ಸಂಗತಿಯಲ್ಲ.

ಸೇವೆಯ ಬೆಲೆ ತಿಳಿಯಬೇಕಾದರೆ ಅದಕ್ಕಿಂತ ಮುಂಚಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. 20ನೆಯ ಶತಮಾನದ ಬಹುಭಾಗ ವೋಲ್ಟನ್ನು ಕಾಪಾಡಿಕೊಂಡು ಬಂದದ್ದು ವೆಸ್ಟನ್ ಕೋಶ. ಅದು ಪಾದರಸ ಮತ್ತು ಕ್ಯಾಡ್ಮಿಯಂ ಬಳಸಿ ಗಾಜಿನ ಕೊಳವೆಯಲ್ಲಿ ಕಟ್ಟಿದ ರಾಸಾಯನಿಕ ಕೋಶ; ಸುಮಾರು 1.018 ವೋಲ್ಟ್ ಕೊಡುತ್ತಿತ್ತು. ಉಷ್ಣತೆ ಸ್ವಲ್ಪ ಬದಲಾದರೂ, ಸಾಗಿಸುವಾಗ ಅಲುಗಾಡಿದರೂ ಅದರ ವೋಲ್ಟೇಜು ಸರಿದುಬಿಡುತ್ತಿತ್ತು, ಮತ್ತೆ ನೆಲೆಗೆ ಬರಲು ಬಹಳ ಸಮಯ ಹಿಡಿಯುತ್ತಿತ್ತು. ದೇಶಗಳು ತಮ್ಮ ಕೋಶಗಳನ್ನು ಜೋಪಾನವಾಗಿ ಸೆವ್ರಿಗೆ ಒಯ್ದು ಹೋಲಿಸಿ ತರುತ್ತಿದ್ದವು. ಒಯ್ಯುವಾಗ ಇದ್ದ ಬೆಲೆಯೇ ತಂದ ಮೇಲೂ ಇದೆ ಎಂದು ಹೇಳುವುದು ಕಷ್ಟವಾಗಿತ್ತು. ವಸ್ತುವಿನ ಮೇಲೆ ನಿಂತ ಮಾನಕಕ್ಕೆ ಇದು ತಪ್ಪದ ತೊಂದರೆ.

1962ರಲ್ಲಿ ಬ್ರಯಾನ್ ಜೋಸೆಫ್ಸನ್ ಕೊಟ್ಟ ಸಿದ್ಧಾಂತ ಈ ಸ್ಥಿತಿಯನ್ನು ಬುಡದಿಂದಲೇ ಬದಲಿಸಿತು. ಎರಡು ಅತಿವಾಹಕಗಳ (ಬಹಳ ತಣ್ಣಗಿರುವಾಗ ರೋಧವಿಲ್ಲದೆ ವಿದ್ಯುತ್ ಹರಿಸುವ ವಸ್ತುಗಳ) ನಡುವೆ ಬಹಳ ತೆಳುವಾದ ಅವಾಹಕ ಪದರವಿದ್ದರೆ ಆ ಸಂಧಿಯ ಮೂಲಕ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ದಾಟುತ್ತವೆ, ಮತ್ತು ಸಂಧಿಯ ಮೇಲೆ ಮೈಕ್ರೋವೇವ್ ಹಾಯಿಸಿದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದೊಂದು ಮೆಟ್ಟಿಲಿನ ಎತ್ತರವು ಮೈಕ್ರೋವೇವಿನ ಆವೃತ್ತಿಯನ್ನು ಪ್ಲಾಂಕ್ ಸ್ಥಿರಾಂಕದಿಂದ ಗುಣಿಸಿ, ಎಲೆಕ್ಟ್ರಾನಿನ ವಿದ್ಯುದಂಶದ ಎರಡರಷ್ಟರಿಂದ ಭಾಗಿಸಿದಷ್ಟಿರುತ್ತದೆ. ಸಂಧಿ ಯಾವ ಲೋಹದ್ದು, ಎಷ್ಟು ದೊಡ್ಡದು, ಯಾರು ತಯಾರಿಸಿದರು ಎಂಬ ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ. 75 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಒಂದು ಮೆಟ್ಟಿಲು ಸುಮಾರು 155 ಮೈಕ್ರೋವೋಲ್ಟ್ ಮಾತ್ರ. ಆದ್ದರಿಂದ 10 ವೋಲ್ಟ್ ಬೇಕಾದರೆ ಸಾವಿರಾರು ಸಂಧಿಗಳನ್ನು ಒಂದೇ ಚಿಪ್ಪಿನ ಮೇಲೆ ಸರಣಿಯಾಗಿ ಜೋಡಿಸಬೇಕು. ನಯೋಬಿಯಂ ಲೋಹದಿಂದ ಮಾಡಿದ ಇಂಥ ಚಿಪ್ಪುಗಳನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ, ಕೇವಲ ನಿರಪೇಕ್ಷ 4.2 ಡಿಗ್ರಿಯಲ್ಲಿ (4.2 ಕೆಲ್ವಿನ್) ಇಟ್ಟು ಬಳಸುತ್ತಾರೆ. ಮೊದಲ ಪೀಳಿಗೆಯ ಚಿಪ್ಪುಗಳಲ್ಲಿ ಒಂದೊಂದು ಸಂಧಿಯೂ ಹಲವು ಮೆಟ್ಟಿಲು ಏರಿ ನಿಲ್ಲುತ್ತಿದ್ದುದರಿಂದ ಸುಮಾರು 20,000 ಸಂಧಿಗಳು ಸಾಕಾಗುತ್ತಿದ್ದವು. ಈಗಿನ ಪ್ರೋಗ್ರಾಮ್ ಮಾಡಬಹುದಾದ ಚಿಪ್ಪುಗಳಲ್ಲಿ, 18 ಗಿಗಾಹರ್ಟ್ಸ್ ಸುಮಾರಿನಲ್ಲಿ ಕೆಲಸ ಮಾಡುವ ಅಮೆರಿಕದ ವಿನ್ಯಾಸವನ್ನು ತೆಗೆದುಕೊಂಡರೆ, ಎರಡೂವರೆ ಲಕ್ಷಕ್ಕೂ ಹೆಚ್ಚು ಸಂಧಿಗಳಿವೆ.

ಕ್ವಾಂಟಂ ಮಾನಕ ಕೈಗೆ ಬಂದ ಮಾತ್ರಕ್ಕೆ ದೇಶಗಳ ವೋಲ್ಟ್ ಒಂದೇ ಆಗಲಿಲ್ಲ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. 1972ರಲ್ಲಿ ಆವೃತ್ತಿಯನ್ನು ವೋಲ್ಟಿಗೆ ಪರಿವರ್ತಿಸುವ ಸ್ಥಿರಾಂಕಕ್ಕೆ ವೋಲ್ಟಿಗೆ 4,83,594.0 ಗಿಗಾಹರ್ಟ್ಸ್ ಎಂಬ ಬೆಲೆಯನ್ನು ಸೂಚಿಸಲಾಯಿತು. ಹಲವು ದೇಶಗಳು ಅದನ್ನು ಒಪ್ಪಿದವು, ಅಮೆರಿಕ 4,83,593.42 ಎಂಬ ಬೆಲೆಯನ್ನೂ ಸೋವಿಯತ್ ಒಕ್ಕೂಟ 4,83,596.176 ಎಂಬ ಬೆಲೆಯನ್ನೂ ಇಟ್ಟುಕೊಂಡವು. ಪರಿಣಾಮವಾಗಿ, ನಿಸರ್ಗದ ಒಂದೇ ನಿಯಮವನ್ನು ಬಳಸುತ್ತಿದ್ದ ಈ ಎರಡು ದೇಶಗಳ ವೋಲ್ಟುಗಳ ನಡುವೆ ಹತ್ತು ಲಕ್ಷದಲ್ಲಿ ಐದಕ್ಕಿಂತ ಹೆಚ್ಚು ಭಾಗದ ಅಂತರ ಉಳಿಯಿತು. 1990ರ ಜನವರಿ 1ರಿಂದ ಎಲ್ಲರೂ 4,83,597.9 ಎಂಬ ಒಂದೇ ಬೆಲೆಗೆ ಬಂದರು. ಅಮೆರಿಕದ ವೋಲ್ಟ್ ಅಂದು ಹತ್ತು ಲಕ್ಷದಲ್ಲಿ 9.264 ಭಾಗದಷ್ಟು ಬದಲಾಯಿತು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕಕ್ಕೂ ಎಲೆಕ್ಟ್ರಾನಿನ ವಿದ್ಯುದಂಶಕ್ಕೂ ಬದಲಾಗದ ಬೆಲೆಗಳನ್ನು ನಿಗದಿಪಡಿಸಿದ ಮೇಲೆ ಈ ಸ್ಥಿರಾಂಕವೂ ಅವುಗಳಿಂದಲೇ ನಿಷ್ಕರ್ಷೆಯಾಗಿ 4,83,597.8484 ಸುಮಾರಿಗೆ ನಿಂತಿತು. ಅಂದು ವೋಲ್ಟೇಜಿನ ಓದುಗಳು ಕೋಟಿಯಲ್ಲಿ ಒಂದು ಭಾಗದಷ್ಟು, ಅಂದರೆ 10 ವೋಲ್ಟಿಗೆ ಸುಮಾರು 1.07 ಮೈಕ್ರೋವೋಲ್ಟ್, ಮೇಲೆ ಸರಿದವು. ನಮ್ಮ ಘಟಕದ ಮೀಟರಿಗೆ ಈ ಬದಲಾವಣೆಯ ಅರಿವೂ ಆಗಲಿಲ್ಲ. ಆದರೆ ರಾಷ್ಟ್ರೀಯ ಪ್ರಯೋಗಾಲಯಗಳು ಮತ್ತು ಉತ್ತಮ ಜೀನರ್ ಮಾನಕಗಳನ್ನು (ಸ್ಥಿರ ವೋಲ್ಟೇಜು ಕೊಡುವ ಡಯೋಡ್ ಪೆಟ್ಟಿಗೆಗಳನ್ನು) ಇಟ್ಟುಕೊಂಡವರು ತಮ್ಮ ದಾಖಲೆಗಳನ್ನು ತಿದ್ದಿಕೊಳ್ಳಬೇಕಾಯಿತು.

ಇನ್ನು ಸೇವೆಯ ಹೃದಯಭಾಗಕ್ಕೆ ಬರುತ್ತೇನೆ. ಎಲ್ಲ ದೇಶಗಳೂ ಒಂದೇ ಸ್ಥಿರಾಂಕವನ್ನು ಬಳಸುತ್ತಿರುವಾಗ ಮತ್ತೆ ಹೋಲಿಕೆ ಏಕೆ ಎಂದು ನನ್ನನ್ನು ಕಿರಿಯ ಇಂಜಿನಿಯರೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. 1980ರ ದಶಕದಲ್ಲಿ ಬೇರೆ ಬೇರೆ ಲೋಹಗಳಿಂದ ಮಾಡಿದ ಎರಡು ಸಂಧಿಗಳನ್ನು ಒಂದೇ ಮೈಕ್ರೋವೇವಿನಲ್ಲಿ ಇರಿಸಿ ನೋಡಿದಾಗ ಅವುಗಳ ವೋಲ್ಟೇಜು ಹತ್ತರ ಹದಿನಾರನೆಯ ಘಾತದಲ್ಲಿ ಎರಡು ಭಾಗದೊಳಗೆ ಒಂದೇ ಎಂದು ತಿಳಿದಿತ್ತು. ಹಾಗಿದ್ದರೂ ಹೋಲಿಕೆ ಬೇಕು. ಏಕೆಂದರೆ ಹೀಲಿಯಂನ ಒಳಗೆ ಹುಟ್ಟಿದ ವೋಲ್ಟೇಜು ಕೋಣೆಯ ಉಷ್ಣತೆಯ ತಿರುಪು ಕಂಬಕ್ಕೆ ತಂತಿಯ ಮೂಲಕವೇ ಬರಬೇಕು. ಆ ತಂತಿಯ ಒಂದು ತುದಿ 4 ಡಿಗ್ರಿಯಲ್ಲಿ, ಇನ್ನೊಂದು ತುದಿ ನಿರಪೇಕ್ಷ 300 ಡಿಗ್ರಿಯ ಸುಮಾರಿನಲ್ಲಿ ಇರುವುದರಿಂದ ದಾರಿಯುದ್ದಕ್ಕೂ ಉಷ್ಣವಿದ್ಯುತ್ ಹುಟ್ಟುತ್ತದೆ. ತಂತಿಗಳ ನಡುವಿನ ಅವಾಹಕದ ಮೂಲಕ ಅತಿ ಸಣ್ಣ ಪ್ರವಾಹ ಸೋರಿ, ತಂತಿಯ ರೋಧದ ಮೇಲೆ ಬೇಡದ ವೋಲ್ಟೇಜನ್ನು ಬಿಡುತ್ತದೆ. ಮೈಕ್ರೋವೇವಿನ ಆವೃತ್ತಿಯನ್ನು ಪರಮಾಣು ಗಡಿಯಾರಕ್ಕೆ ಕಟ್ಟಿದ 10 ಮೆಗಾಹರ್ಟ್ಸ್ ಸಂಕೇತದಿಂದ ಹಿಡಿದಿಡಬೇಕು. 75 ಗಿಗಾಹರ್ಟ್ಸ್‌ನಲ್ಲಿ ಒಂದು ಹರ್ಟ್ಸ್ ತಪ್ಪಿದರೆ ವೋಲ್ಟೇಜು ಲಕ್ಷ ಕೋಟಿಯಲ್ಲಿ ಹದಿಮೂರು ಭಾಗದಷ್ಟು ತಪ್ಪುತ್ತದೆ. ಭೂಸಂಪರ್ಕ ಎರಡು ಕಡೆ ಆಗಿದ್ದರೆ, ಹತ್ತಿರದ ಯಾವುದಾದರೂ ಯಂತ್ರದ ಗದ್ದಲ ಒಳಗೆ ಬಂದರೆ, ಮೆಟ್ಟಿಲು ಸಮತಟ್ಟಾಗಿ ನಿಲ್ಲದೆ ಓರೆಯಾಗುತ್ತದೆ. ಒಟ್ಟಿನಲ್ಲಿ ಈ ಹೋಲಿಕೆಯು ಪರೀಕ್ಷಿಸುವುದು ತಂತಿ, ಫಿಲ್ಟರ್, ಗಡಿಯಾರ ಮತ್ತು ಅವುಗಳನ್ನು ಜೋಡಿಸಿದ ಕೈಗಳನ್ನು. ಪ್ರಯೋಗಾಲಯದ ಕಸುಬನ್ನು ಇಷ್ಟು ನಿಷ್ಠುರವಾಗಿ ತೂಗುವ ಬೇರೆ ಪರೀಕ್ಷೆಯನ್ನು ವಿದ್ಯುತ್ ಮಾಪನದಲ್ಲಿ ನಾನು ಕಂಡಿಲ್ಲ.

ಈ ಕಾರಣದಿಂದಲೇ ಬಿಐಪಿಎಂ ತನ್ನ ಮಾನಕವನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಆತಿಥೇಯ ಪ್ರಯೋಗಾಲಯಕ್ಕೇ ಬರುತ್ತದೆ. 1990ರ ದಶಕದ ಆರಂಭದಿಂದ ನಡೆದು ಬಂದಿರುವ ಈ ಹೋಲಿಕೆಗೆ ದತ್ತಸಂಚಯದಲ್ಲಿ ಇಎಂ-ಕೆ10 ಎಂಬ ಗುರುತು ಇದೆ. ಅದರಲ್ಲಿ ಎ ಎಂಬುದು 1 ವೋಲ್ಟಿಗೆ, ಬಿ ಎಂಬುದು 10 ವೋಲ್ಟಿಗೆ. ಎರಡೂ ಚಿಪ್ಪುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸರಣಿಯಲ್ಲಿ ಜೋಡಿಸಿ, ನಡುವೆ ನ್ಯಾನೊವೋಲ್ಟ್ ಮೀಟರನ್ನು ಇಡುತ್ತಾರೆ. ಎರಡೂ ಸರಿಯಾಗಿದ್ದರೆ ಮೀಟರು ಸೊನ್ನೆಯನ್ನು ಅಥವಾ ಮೊದಲೇ ಲೆಕ್ಕ ಹಾಕಿದ ಪುಟ್ಟ ವ್ಯತ್ಯಾಸವನ್ನು ತೋರಿಸಬೇಕು. ಧ್ರುವಗಳನ್ನು ಮತ್ತೆ ಮತ್ತೆ ಅದಲುಬದಲು ಮಾಡಿ ಓದುವುದರಿಂದ ತಂತಿಯ ಉಷ್ಣವಿದ್ಯುತ್ ಲೆಕ್ಕದಿಂದ ಕಳೆದುಹೋಗುತ್ತದೆ. ಹೋಲಿಕೆಯನ್ನು ಎರಡು ವಿಧದಲ್ಲಿ ನಡೆಸಬಹುದು: ಆತಿಥೇಯರು ತಮ್ಮ ಅಳತೆಯ ವ್ಯವಸ್ಥೆಯಿಂದ ಬಿಐಪಿಎಂ ಚಿಪ್ಪನ್ನು ಅಳೆಯುವುದು ಒಂದು, ಬಿಐಪಿಎಂ ತಂಡ ತನ್ನ ವ್ಯವಸ್ಥೆಯಿಂದ ಆತಿಥೇಯರ ಚಿಪ್ಪನ್ನು ಅಳೆಯುವುದು ಇನ್ನೊಂದು. ಮೊದಲನೆಯ ವಿಧವನ್ನು ನಾನು ಹೆಚ್ಚು ಗೌರವಿಸುತ್ತೇನೆ. ದಿನನಿತ್ಯ ಜೀನರ್ ಮಾನಕಗಳನ್ನು ಅಳೆಯುವ ಅದೇ ಸ್ವಿಚ್ಚು, ಅದೇ ತಂತಿ, ಅದೇ ತಂತ್ರಾಂಶವೇ ಆಗ ಪರೀಕ್ಷೆಗೆ ನಿಲ್ಲುತ್ತದೆ. ಗ್ರಾಹಕನಿಗೆ ಬೇಕಾದದ್ದೂ ಅದೇ.

ಫಲಿತಾಂಶಗಳು ಬೆರಗು ಹುಟ್ಟಿಸುತ್ತವೆ. ಉತ್ತಮ ಪ್ರಯೋಗಾಲಯಗಳಲ್ಲಿ 10 ವೋಲ್ಟಿನ ಹೋಲಿಕೆಯ ವ್ಯತ್ಯಾಸವು ಸಾವಿರ ಕೋಟಿಯಲ್ಲಿ ಕೆಲವು ಭಾಗದೊಳಗೆ, ಅಂದರೆ ಕೆಲವೇ ನ್ಯಾನೊವೋಲ್ಟಿನೊಳಗೆ ಇರುತ್ತದೆ. ಅದಕ್ಕಿಂತ ಕಡಿಮೆ ಬಂದದ್ದೂ ಇದೆ. ಈ ಹೋಲಿಕೆಗಳ ವರದಿಗಳಲ್ಲಿ ಈ ಹಂತ ಮುಟ್ಟುವ ಮೊದಲು ಏನೇನು ಕೆಡುಕಿತ್ತು, ಯಾವ ಭೂಸಂಪರ್ಕವನ್ನು ಬಿಚ್ಚಿದ ಮೇಲೆ ಮೆಟ್ಟಿಲು ನೆಟ್ಟಗಾಯಿತು, ಯಾವ ಫಿಲ್ಟರಿನ ಸೋರಿಕೆ ನಿರೀಕ್ಷೆಗಿಂತ ಹೆಚ್ಚಿತ್ತು ಎಂಬ ವಿವರಗಳನ್ನೂ ಬರೆಯುವ ಪದ್ಧತಿ ಇದೆ. ಸೇವೆಯ ಅತ್ಯುತ್ತಮ ಭಾಗ ಇದೇ ಎಂದು ನನಗೆ ಅನ್ನಿಸುತ್ತದೆ. ಅಂತಿಮ ಅಂಕಿಯನ್ನು ಮಾತ್ರ ಕೊಟ್ಟು ಸುಮ್ಮನಾಗಿದ್ದರೆ ಅದನ್ನು ನಂಬುವುದು ಅಥವಾ ಬಿಡುವುದು ಎರಡೇ ದಾರಿ ಉಳಿಯುತ್ತಿದ್ದವು. ದೋಷವನ್ನು ಹುಡುಕಿದ ಕ್ರಮವನ್ನು ಬರೆದಿಟ್ಟಾಗ, ಅದೇ ಕಸುಬಿನ ಕೆಳಗಿನ ಮೆಟ್ಟಿಲಲ್ಲಿ ನಿಂತವರೂ ಕಲಿಯಬಹುದು.

ನಾನು ಕಲಿತದ್ದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ತಾಮ್ರದ ಸಂಪರ್ಕಗಳು ಬೇಗ ಕಿಲುಬು ಹಿಡಿಯುತ್ತವೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಅಡಿಕೆ ಒಣಗಿಸುವ ಘಟಕಗಳಿಂದ ದುರಸ್ತಿಗೆ ಬರುವ ನಿಯಂತ್ರಕಗಳ ತಿರುಪುಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಶುದ್ಧ ತಾಮ್ರಕ್ಕೆ ಶುದ್ಧ ತಾಮ್ರ ತಾಗಿದಲ್ಲಿ ಹುಟ್ಟುವ ಉಷ್ಣವಿದ್ಯುತ್ ಒಂದು ಡಿಗ್ರಿ ಉಷ್ಣತಾ ವ್ಯತ್ಯಾಸಕ್ಕೆ 0.2 ಮೈಕ್ರೋವೋಲ್ಟ್ ಮೀರದು. ತಾಮ್ರಕ್ಕೆ ತಾಮ್ರದ ಆಕ್ಸೈಡ್ ತಾಗಿದಲ್ಲಿ ಅದು ಸಾವಿರ ಮೈಕ್ರೋವೋಲ್ಟಿನವರೆಗೂ ಹೋಗಬಹುದು. ಕೆ ವಿಧದ ಥರ್ಮೋಕಪಲ್ (ಉಷ್ಣತೆಯನ್ನು ಪುಟ್ಟ ವೋಲ್ಟೇಜಾಗಿ ತೋರಿಸುವ ತಂತಿಜೋಡಿ) ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಕರಗಿದ ಕಬ್ಬಿಣದ ಉಷ್ಣತೆ ನೋಡಲು ಬಳಸುವ ಪ್ಲಾಟಿನಂ ಬಗೆಯವು 1,500 ಡಿಗ್ರಿಯ ಸುಮಾರಿನಲ್ಲಿ 12 ಮೈಕ್ರೋವೋಲ್ಟಿನ ಆಸುಪಾಸು ಮಾತ್ರ. ಹೀಗಿರುವಾಗ ಕಿಲುಬು ಹಿಡಿದ ಒಂದು ತಿರುಪು ಕುಲುಮೆಯ ಓದನ್ನು ಹಲವು ಡಿಗ್ರಿ ತಪ್ಪಿಸಬಲ್ಲದು. ಧ್ರುವ ಅದಲುಬದಲು ಮಾಡಿ ಎರಡು ಸಲ ಓದುವ ಪದ್ಧತಿಯನ್ನು ನಮ್ಮ ಮಿಲಿವೋಲ್ಟ್ ಪರೀಕ್ಷೆಗಳಿಗೆ ತಂದದ್ದು ಕೆ10 ವರದಿಗಳನ್ನು ಓದಿದ ಮೇಲೆಯೇ. ಮೀಟರಿನ ಕಡೆ ಹುಟ್ಟುವ ಬೇಡದ ವೋಲ್ಟೇಜು ಇದರಿಂದ ಕಣ್ಣಿಗೆ ಕಾಣುತ್ತದೆ, ಮತ್ತು ಇದಕ್ಕೆ ಹೊಸ ಉಪಕರಣವೇನೂ ಬೇಕಾಗಿಲ್ಲ.

ದ್ರವ ಹೀಲಿಯಂ ಹೊಂದಿಸುವುದಾಗಲಿ ಬಿಐಪಿಎಂ ತಂಡವನ್ನು ಕರೆಸಿಕೊಳ್ಳುವುದಾಗಲಿ ಎಲ್ಲ ದೇಶಗಳಿಗೂ ಎಲ್ಲ ಕಾಲದಲ್ಲೂ ಸಾಧ್ಯವಾಗುವುದಿಲ್ಲ. ಅದಕ್ಕಾಗಿ ಕೆ11 ಎಂಬ ಇನ್ನೊಂದು ಹೋಲಿಕೆ ಇದೆ. ಇದರಲ್ಲಿ ಪ್ರಯಾಣ ಮಾಡುವುದು ಜೀನರ್ ಡಯೋಡಿನ ಮೇಲೆ ಕಟ್ಟಿದ, ಬ್ಯಾಟರಿಯಿಂದ ನಡೆಯುವ ಮಾನಕ. 1.018 ವೋಲ್ಟ್ ಮತ್ತು 10 ವೋಲ್ಟ್ ಎಂಬ ಎರಡು ನಿರ್ಗಮಗಳಿರುವ ಈ ಪೆಟ್ಟಿಗೆಗಳನ್ನು ಎರಡೂ ಪ್ರಯೋಗಾಲಯಗಳು ತಮ್ಮ ತಮ್ಮ ಕ್ವಾಂಟಂ ಮಾನಕದಿಂದ ಅಳೆದು ಫಲಿತಾಂಶಗಳನ್ನು ಹೋಲಿಸುತ್ತವೆ. ಇಲ್ಲಿ ನಿಖರತೆ ಕಡಿಮೆ. ಜೀನರಿನ ಒಳಗಿನ ಗದ್ದಲವೇ 10 ವೋಲ್ಟಿಗೆ ಸುಮಾರು 100 ನ್ಯಾನೊವೋಲ್ಟ್ ಇರುವುದರಿಂದ, ಎಷ್ಟು ಹೊತ್ತು ಓದಿದರೂ ಅದಕ್ಕಿಂತ ಕೆಳಗೆ ಇಳಿಯಲು ಆಗುವುದಿಲ್ಲ. ಜೊತೆಗೆ ಅದು ಉಷ್ಣತೆ, ಆರ್ದ್ರತೆ, ವಾಯುಭಾರ ಮೂರಕ್ಕೂ ಸ್ಪಂದಿಸುತ್ತದೆ. ಹಾಗಾಗಿ ಬಿಐಪಿಎಂ ಎಲ್ಲ ಓದುಗಳನ್ನೂ ಒಂದು ನಿಗದಿತ ಉಷ್ಣತೆಗೆ ಮತ್ತು 1013.25 ಹೆಕ್ಟೊಪ್ಯಾಸ್ಕಲ್ ವಾಯುಭಾರಕ್ಕೆ ತಿದ್ದಿ ಪ್ರಕಟಿಸುತ್ತದೆ.

ವಾಯುಭಾರದ ಈ ತಿದ್ದುಪಡಿ ನಮ್ಮ ಊರಿನವರಿಗೆ ಆಸಕ್ತಿಯ ವಿಷಯ. ದೆಹಲಿ ಸಮುದ್ರಮಟ್ಟದಿಂದ ಸುಮಾರು 215 ಮೀಟರ್ ಎತ್ತರದಲ್ಲಿದೆ, ಶಿವಮೊಗ್ಗ ಸುಮಾರು 570 ಮೀಟರ್. ಎರಡು ಊರುಗಳ ವಾಯುಭಾರದ ಅಂತರ 40 ಹೆಕ್ಟೊಪ್ಯಾಸ್ಕಲ್ ಆಸುಪಾಸು ಆಗುತ್ತದೆ. ಒಂದು ಹೆಕ್ಟೊಪ್ಯಾಸ್ಕಲಿಗೆ ಶತಕೋಟಿಯಲ್ಲಿ ಒಂದೆರಡು ಭಾಗ ಬದಲಾಗುವ ಜೀನರ್ ಪೆಟ್ಟಿಗೆಯನ್ನು ದೆಹಲಿಯಲ್ಲಿ ಅಳೆಸಿ ಇಲ್ಲಿಗೆ ತಂದರೆ, ಯಾರೂ ಮುಟ್ಟದೆಯೇ ಅದರ 10 ವೋಲ್ಟ್ ಅರ್ಧ ಮೈಕ್ರೋವೋಲ್ಟಿನಷ್ಟು ಸರಿದಿರುತ್ತದೆ. ಆಗುಂಬೆಗೆ ಒಯ್ದರೆ ಇನ್ನೂ ಸ್ವಲ್ಪ ಸರಿಯುತ್ತದೆ. ಜೀನರಿನ ಸ್ವಂತ ಗದ್ದಲಕ್ಕಿಂತ ಇದು ಹಲವು ಪಟ್ಟು ಹೆಚ್ಚು. ಸೆವ್ರಿನವರು ಪ್ರತಿ ವರದಿಯಲ್ಲೂ ವಾಯುಭಾರವನ್ನು ನಮೂದಿಸುವುದರ ಮಹತ್ವ ಇಲ್ಲಿ ಅರ್ಥವಾಗುತ್ತದೆ. ಆದರೂ ಅತಿಯಾಗಿ ಹೇಳಬಾರದು: ನಮ್ಮ ಪರೀಕ್ಷಾ ಮೇಜಿನ ಮೇಲಿರುವ ಆರೂವರೆ ಅಂಕಿಯ ಮೀಟರಿಗೆ ತಯಾರಕರು 10 ವೋಲ್ಟಿನಲ್ಲಿ ಒಂದು ವರ್ಷದ ಅವಧಿಗೆ ಕೊಟ್ಟಿರುವ ಮಿತಿ ಸುಮಾರು 400 ಮೈಕ್ರೋವೋಲ್ಟ್. ಅದರ ಮುಂದೆ ಅರ್ಧ ಮೈಕ್ರೋವೋಲ್ಟ್ ಲೆಕ್ಕಕ್ಕಿಲ್ಲ. ಜೀನರ್ ಮಾನಕವನ್ನು ಸ್ವಂತಕ್ಕೆ ಇಟ್ಟುಕೊಂಡ ಪ್ರಯೋಗಾಲಯ ಮಾತ್ರ ಇದರ ಬಗ್ಗೆ ಯೋಚಿಸಬೇಕು, ಮತ್ತು ಮಲೆನಾಡಿನಲ್ಲಿ ಅಂಥದ್ದನ್ನು ಇಡುವವರು ಆರ್ದ್ರತೆಯ ಬಗ್ಗೆ ಅದಕ್ಕಿಂತಲೂ ಹೆಚ್ಚು ಎಚ್ಚರ ವಹಿಸಬೇಕು.

ಈಗ ದತ್ತಸಂಚಯದ ಬಳಕೆಯ ವಿಚಾರ. 1999ರ ಅಕ್ಟೋಬರ್ 14ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಪರಸ್ಪರ ಮಾನ್ಯತೆಯ ಒಪ್ಪಂದದ ಫಲ ಇದು. ಒಂದು ದೇಶದ ರಾಷ್ಟ್ರೀಯ ಪ್ರಯೋಗಾಲಯ ಕೊಟ್ಟ ಪ್ರಮಾಣಪತ್ರವನ್ನು ಇನ್ನೊಂದು ದೇಶ ಒಪ್ಪಬೇಕಾದರೆ ಹೋಲಿಕೆಯ ಫಲಿತಾಂಶಗಳು ಬಯಲಿನಲ್ಲಿ ಇರಬೇಕು ಎಂಬುದು ಅದರ ಆಶಯ. ಭಾರತದ ಪರವಾಗಿ ಇದರಲ್ಲಿ ಇರುವುದು ದೆಹಲಿಯ ಸಿಎಸ್ಐಆರ್–ರಾಷ್ಟ್ರೀಯ ಭೌತ ಪ್ರಯೋಗಾಲಯ, ಕೆ. ಎಸ್. ಕೃಷ್ಣನ್ ಅವರು ಮೊದಲ ನಿರ್ದೇಶಕರಾಗಿದ್ದ, 1950ರಲ್ಲಿ ಉದ್ಘಾಟನೆಯಾದ ಸಂಸ್ಥೆ. ದತ್ತಸಂಚಯದಲ್ಲಿ ಅದನ್ನು ಎನ್‌ಪಿಎಲ್ಐ ಎಂಬ ಹೆಸರಿನಿಂದ ಹುಡುಕಬೇಕು. ಬಳಕೆದಾರನಿಗೆ ಸಿಗುವ ಮಾಹಿತಿ ಎರಡು ಬಗೆಯದು. ಒಂದನೆಯದು ಹೋಲಿಕೆಗಳ ಫಲಿತಾಂಶ: ಪ್ರತಿ ಪ್ರಯೋಗಾಲಯದ ಬೆಲೆಗೂ ಬಿಐಪಿಎಂ ಬೆಲೆಗೂ ಇರುವ ವ್ಯತ್ಯಾಸ ಮತ್ತು ಅದರ ವಿಸ್ತೃತ ಅನಿಶ್ಚಿತತೆ. ವ್ಯತ್ಯಾಸವು ಅನಿಶ್ಚಿತತೆಯ ಒಳಗೇ ಇದ್ದರೆ ಎರಡು ವೋಲ್ಟುಗಳೂ ಹೊಂದುತ್ತವೆ ಎಂದು ತಿಳಿಯಬೇಕು. ಎರಡನೆಯದು ಪ್ರತಿ ಪ್ರಯೋಗಾಲಯದ ಅಳತೆಯ ಸಾಮರ್ಥ್ಯದ ಪಟ್ಟಿ, ಅಂದರೆ ಯಾವ ವ್ಯಾಪ್ತಿಯಲ್ಲಿ ಎಷ್ಟು ಅನಿಶ್ಚಿತತೆಯೊಂದಿಗೆ ಗ್ರಾಹಕನ ಉಪಕರಣವನ್ನು ಅಳೆದುಕೊಡಬಲ್ಲದು ಎಂಬ, ಇತರ ದೇಶಗಳ ತಜ್ಞರು ಪರಿಶೀಲಿಸಿ ಒಪ್ಪಿದ ಘೋಷಣೆ. ನಮ್ಮಂಥವರಿಗೆ ಎರಡನೆಯದೇ ಹೆಚ್ಚು ಉಪಯುಕ್ತ. ವಿದ್ಯುತ್ ಮತ್ತು ಕಾಂತತ್ವ ಎಂಬ ವಿಭಾಗವನ್ನು ಆಯ್ದು, ದೇಶವನ್ನು ಆಯ್ದು, ಏಕಮುಖ ವೋಲ್ಟೇಜು ಎಂಬಲ್ಲಿಗೆ ಹೋದರೆ ಸಾಕು.

ಇದರ ಮಿತಿಗಳನ್ನೂ ತಿಳಿದಿರಬೇಕು. ದತ್ತಸಂಚಯವು ರಾಷ್ಟ್ರೀಯ ಮಟ್ಟದ ಪ್ರಯೋಗಾಲಯಗಳನ್ನು ಮತ್ತು ಅವು ನೇಮಿಸಿದ ಸಂಸ್ಥೆಗಳನ್ನು ಮಾತ್ರ ಒಳಗೊಂಡಿದೆ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಸೇರಿದ ಖಾಸಗಿ ಕ್ಯಾಲಿಬ್ರೇಶನ್ ಪ್ರಯೋಗಾಲಯವನ್ನು ಅದರಲ್ಲಿ ಹುಡುಕಿ ಫಲವಿಲ್ಲ. ಅದಕ್ಕೆ ಭಾರತದಲ್ಲಿ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್ಎಬಿಎಲ್ ಸಂಸ್ಥೆಯ ವ್ಯಾಪ್ತಿಪತ್ರವನ್ನೇ ನೋಡಬೇಕು. ಹೋಲಿಕೆಯ ಫಲಿತಾಂಶವು ಅದು ನಡೆದ ದಿನಗಳ ಸ್ಥಿತಿಯನ್ನು ಹೇಳುತ್ತದೆ, ಇಂದಿನ ಸ್ಥಿತಿಗೆ ಖಾತರಿ ಕೊಡುವುದಿಲ್ಲ. ಆದ್ದರಿಂದ ವರ್ಷವನ್ನು ನೋಡದೆ ಅಂಕಿಯನ್ನು ಮಾತ್ರ ಓದುವುದು ತಪ್ಪು. ಇನ್ನೊಂದು ಗೊಂದಲ ಮೊದಲ ಬಾರಿಗೆ ಬಂದವರಿಗೆ ಆಗುವುದು ಸಹಜ: ಕೆ10ರ ಸಾವಿರ ಕೋಟಿಯಲ್ಲಿ ಕೆಲವು ಭಾಗ ಎಂಬ ಅಂಕಿಯನ್ನು ನೋಡಿ, ತಮ್ಮ ಮೀಟರಿಗೂ ಅಂಥ ನಿಖರತೆ ಸಿಕ್ಕಿದೆ ಎಂದು ಭಾವಿಸುವುದು. ಹಾಗಾಗುವುದಿಲ್ಲ. ಹೊಳೆಯ ಮೂಲದಲ್ಲಿ ನೀರು ಎಷ್ಟೇ ತಿಳಿಯಾಗಿದ್ದರೂ ಊರಿನ ಕಟ್ಟೆಗೆ ಬರುವಷ್ಟರಲ್ಲಿ ದಾರಿಯ ಮಣ್ಣನ್ನು ಕೂಡಿಸಿಕೊಂಡೇ ಬರುವಂತೆ, ಕ್ವಾಂಟಂ ಮಾನಕದಿಂದ ಜೀನರಿಗೆ, ಜೀನರಿನಿಂದ ಎಂಟೂವರೆ ಅಂಕಿಯ ಮೀಟರಿಗೆ, ಅಲ್ಲಿಂದ ಕ್ಯಾಲಿಬ್ರೇಟರಿಗೆ, ಕೊನೆಗೆ ನಮ್ಮ ಮೀಟರಿಗೆ ಬರುವಾಗ ಪ್ರತಿ ಹಂತದಲ್ಲೂ ಅನಿಶ್ಚಿತತೆ ಕೂಡುತ್ತಲೇ ಹೋಗುತ್ತದೆ.

ಈ ಕೆಳಗಿನ ಹಂತಗಳ ಬಗ್ಗೆ ಹೇಳದೆ ವಿಮರ್ಶೆ ಪೂರ್ಣವಾಗದು. ಹಿಂದೆ ನಮ್ಮ ಘಟಕ ಬಳಸುತ್ತಿದ್ದ ಒಂದು ಪ್ರಯೋಗಾಲಯ ಕೊಡುತ್ತಿದ್ದ ಪ್ರಮಾಣಪತ್ರದಲ್ಲಿ 100 ಮಿಲಿವೋಲ್ಟಿಗೂ 1,000 ವೋಲ್ಟಿಗೂ ಶೇಕಡಾವಾರು ಒಂದೇ ಅನಿಶ್ಚಿತತೆ ನಮೂದಾಗಿರುತ್ತಿತ್ತು. ವ್ಯಾಪ್ತಿ ಕಿರಿದಾದಷ್ಟೂ ಉಷ್ಣವಿದ್ಯುತ್ತಿನ ಪಾಲು ಹೆಚ್ಚುವುದರಿಂದ ಇದು ಸಾಧ್ಯವಿಲ್ಲದ ಮಾತು. ಥರ್ಮೋಕಪಲ್ ಕೆಲಸಕ್ಕೆ ನಮಗೆ ಬೇಕಾದದ್ದು ಆ ಕಿರಿದಾದ ವ್ಯಾಪ್ತಿಯೇ. ಮೀಟರನ್ನು ಸರಿಪಡಿಸುವ ಮೊದಲು ಅದು ಏನು ಓದುತ್ತಿತ್ತು ಎಂಬ ಅಂಕಿಗಳೂ ಅದರಲ್ಲಿ ಇರುತ್ತಿರಲಿಲ್ಲ. ಆ ಅಂಕಿಗಳಿಲ್ಲದಿದ್ದರೆ ಕಳೆದ ವರ್ಷ ನಾವು ಪರೀಕ್ಷಿಸಿ ಕಳಿಸಿದ ನಿಯಂತ್ರಕಗಳ ಗತಿ ಏನು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಕೇಳಿದಾಗ ಅಲ್ಲಿಯವರೊಬ್ಬರು, “ಆಡಿಟ್‌ನೋರಿಗೆ ಸರ್ಟಿಫಿಕೇಟ್ ತೋರಿಸಿದ್ರೆ ಆಯ್ತಲ್ಲ ಸಾರ್, ಒಳಗಿರೋ ಅಂಕಿ ಯಾರು ಓದ್ತಾರೆ” ಎಂದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಓದುವ ಗ್ರಾಹಕರು ಅವರಿಗೆ ಸಿಕ್ಕಿರಲಿಲ್ಲ. ಸರಪಳಿಯ ಮೇಲ್ತುದಿಯಲ್ಲಿ ನ್ಯಾನೊವೋಲ್ಟಿಗಾಗಿ ದಿನಗಟ್ಟಲೆ ಭೂಸಂಪರ್ಕ ಹುಡುಕುವವರಿರುವಾಗ, ಕೆಳತುದಿಯಲ್ಲಿ ಯಾರೂ ಓದುವುದಿಲ್ಲವೆಂಬ ಭರವಸೆಯ ಮೇಲೆ ಕೆಲಸ ನಡೆಯುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಈಗ ನಾವು ಹೋಗುತ್ತಿರುವ ಪ್ರಯೋಗಾಲಯ ಬೇರೆ. ಅವರು ಪ್ರತಿ ವ್ಯಾಪ್ತಿಗೂ ಪ್ರತ್ಯೇಕ ಅನಿಶ್ಚಿತತೆ ಕೊಡುತ್ತಾರೆ, ಅದು ಶೇಕಡಾ 95ರ ವಿಶ್ವಾಸ ಮಟ್ಟದ್ದೆಂದು ಸ್ಪಷ್ಟವಾಗಿ ಬರೆಯುತ್ತಾರೆ, ಸರಿಪಡಿಸುವ ಮೊದಲಿನ ಮತ್ತು ನಂತರದ ಓದುಗಳನ್ನು ಅಕ್ಕಪಕ್ಕ ಇಡುತ್ತಾರೆ. ತಮ್ಮ ಮಾನಕದ ಪ್ರಮಾಣಪತ್ರದ ಪ್ರತಿಯನ್ನು ಕೇಳಿದರೆ ಬೇಸರಿಸದೆ ತೋರಿಸುತ್ತಾರೆ. ಶುಲ್ಕ ಹಿಂದಿನದಕ್ಕಿಂತ ಹೆಚ್ಚು. ಮೀಟರನ್ನು ಕಳಿಸಿ ತರಿಸಿಕೊಳ್ಳುವ ಸಮಯವೂ ಹೆಚ್ಚು. ನಮ್ಮ ಮೀಟರಿನ 400 ಮೈಕ್ರೋವೋಲ್ಟ್ ಮಿತಿಗೆ ನಾಲ್ಕರಲ್ಲಿ ಒಂದು ಪಾಲಿನ ಅನಿಶ್ಚಿತತೆ, ಅಂದರೆ 10 ವೋಲ್ಟಿನಲ್ಲಿ 100 ಮೈಕ್ರೋವೋಲ್ಟಿಗಿಂತ ಕಡಿಮೆ ಇರಬೇಕು ಎಂಬ ರೂಢಿಯನ್ನು ಅವರ ಅಂಕಿಗಳು ನೆಮ್ಮದಿಯಾಗಿ ಪಾಲಿಸುತ್ತವೆ. ಅವರ ಪ್ರಮಾಣಪತ್ರದಿಂದ ಮೇಲಕ್ಕೆ ಹೋಗಿ, ದೆಹಲಿಯ ಸಾಮರ್ಥ್ಯಪಟ್ಟಿಯನ್ನು ದತ್ತಸಂಚಯದಲ್ಲಿ ಓದಿ, ಪ್ರತಿ ಹಂತದಲ್ಲೂ ಅನಿಶ್ಚಿತತೆ ಕ್ರಮವಾಗಿ ಹೆಚ್ಚುತ್ತಾ ಬಂದಿದೆಯೇ ಎಂದು ನಾನು ನೋಡಿಕೊಂಡಿದ್ದೇನೆ. ಕೆಳಗಿನ ಪ್ರಯೋಗಾಲಯ ತನ್ನ ಮೇಲಿನದಕ್ಕಿಂತ ಕಡಿಮೆ ಅನಿಶ್ಚಿತತೆಯನ್ನು ಹೇಳಿಕೊಂಡಿದ್ದರೆ ಅಲ್ಲೇ ಲೋಪವಿದೆ ಎಂದರ್ಥ. ಇಷ್ಟನ್ನು ನೋಡಲು ಕ್ವಾಂಟಂ ಭೌತಶಾಸ್ತ್ರ ತಿಳಿದಿರಬೇಕಾಗಿಲ್ಲ.

ಯಾರಿಗೆ ಈ ಸೇವೆಯನ್ನು ಸೂಚಿಸುತ್ತೇನೆ ಎಂದರೆ, ಮೊದಲಿಗೆ ಪರೀಕ್ಷೆ ಮತ್ತು ಕ್ಯಾಲಿಬ್ರೇಶನ್ ಪ್ರಯೋಗಾಲಯಗಳಿಗಿರುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್ಒ 17025 ಪ್ರಕಾರ ಪ್ರಯೋಗಾಲಯ ನಡೆಸುವ ಅಥವಾ ನಡೆಸಲು ಹೊರಟಿರುವವರಿಗೆ; ಅವರು ಕೆ10 ಮತ್ತು ಕೆ11 ವರದಿಗಳಲ್ಲಿ ಅನಿಶ್ಚಿತತೆಯ ಪಟ್ಟಿಯನ್ನು ಹೇಗೆ ಕಟ್ಟುತ್ತಾರೆಂಬುದನ್ನು ನೋಡಿಯಾದರೂ ಓದಬೇಕು. ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮತ್ತು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಉಪಕರಣಶಾಸ್ತ್ರವನ್ನೋ ಭೌತಶಾಸ್ತ್ರವನ್ನೋ ಓದುತ್ತಿರುವ ವಿದ್ಯಾರ್ಥಿಗಳಿಗೆ ಜೋಸೆಫ್ಸನ್ ಪರಿಣಾಮ ಪರೀಕ್ಷೆಯ ಒಂದು ಪ್ರಶ್ನೆಯಾಗಿ ಮಾತ್ರ ಉಳಿಯದೆ, ಅದರ ಸೋರಿಕೆ, ಗದ್ದಲ, ತಂತಿಗಳ ಸಮೇತ ಕಾಣಿಸಬೇಕಾದರೆ ಇದಕ್ಕಿಂತ ಒಳ್ಳೆಯ ಓದು ಸುಲಭವಾಗಿ ಸಿಗದು. ವರದಿಗಳ ಭಾಷೆ ಇಂಗ್ಲಿಷ್, ಶೈಲಿ ಬಿಗಿ. ಮೊದಲ ವರದಿಗೆ ತಾಳ್ಮೆ ಬೇಕು, ಎರಡನೆಯದರಿಂದ ಸಲೀಸಾಗುತ್ತದೆ. ಕಾರ್ಖಾನೆಯಲ್ಲಿ ಮೀಟರು ಇಟ್ಟುಕೊಂಡಿರುವವರು ವರದಿಗಳನ್ನು ಓದದಿದ್ದರೂ ಅಡ್ಡಿಯಿಲ್ಲ. ಮುಂದಿನ ಸಲ ಮೀಟರನ್ನು ಕ್ಯಾಲಿಬ್ರೇಶನ್‌ಗೆ ಕಳಿಸುವಾಗ ಕಾರ್ಯಾದೇಶದಲ್ಲಿಯೇ, ಸರಿಪಡಿಸುವ ಮೊದಲಿನ ಓದುಗಳು ಬೇಕು, 100 ಮಿಲಿವೋಲ್ಟ್ ವ್ಯಾಪ್ತಿಗೆ ಪ್ರತ್ಯೇಕ ಅನಿಶ್ಚಿತತೆ ಬೇಕು, ಬಳಸಿದ ಮಾನಕದ ಪ್ರಮಾಣಪತ್ರದ ಸಂಖ್ಯೆ ಮತ್ತು ದಿನಾಂಕ ಬೇಕು ಎಂದು ಬರೆದು ಕಳಿಸಲಿ.